ಕರ್ನಾಟಕದ ಇತಿಹಾಸದಲ್ಲಿ ನವೆಂಬರ್ 1

ನವೆಂಬರ್ 1 ಕರ್ನಾಟಕ ರಾಜ್ಯದ ಸಂಸ್ಥಾಪನಾ ದಿನವಾಗಿದೆ. 1956ರ ಈ ದಿನದಂದು ಐದು ಬೇರೆ ಬೇರೆ ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡ ಪ್ರದೇಶಗಳು ಒಂದುಗೂಡಿ ಹೊಸ ಮೈಸೂರು ರಾಜ್ಯವಾಯಿತು. 1973ರ ಇದೇ ದಿನದಂದು ಆ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದಿತು. ಈ ದಿನವನ್ನು ಕನ್ನಡ ರಾಜ್ಯೋತ್ಸವ ಎಂದು ಆಚರಿಸಲಾಗುತ್ತದೆ. ರಾಜ್ಯದ ಇತಿಹಾಸದ ಇನ್ನೂ ಕೆಲವು ಮುಖ್ಯ ಘಟನೆಗಳು ಇದೇ ದಿನಾಂಕದೊಡನೆ ಹೊಂದಿಕೊಂಡಿವೆ. ಅವುಗಳಲ್ಲಿ ಕೆಲವು ಕಾಕತಾಳೀಯವಾದರೆ, ಕೆಲವು ಉದ್ದೇಶಪೂರ್ವಕವಾಗಿ ಈ ದಿನದಂದೇ ಜಾರಿಗೆ ಬಂದಂಥವು.

ಸಂಕ್ಷಿಪ್ತ ಕಾಲಾನುಕ್ರಮ

- 1858: ಭಾರತದ ಆಡಳಿತವು ಈಸ್ಟ್ ಇಂಡಿಯಾ ಕಂಪನಿಯಿಂದ ಬ್ರಿಟಿಷ್ ರಾಣಿಗೆ ವರ್ಗವಾದುದನ್ನು ಸಾರುವ ವಿಕ್ಟೋರಿಯಾ ರಾಣಿಯ ಘೋಷಣೆ.
- 1956: ಕನ್ನಡ ಪ್ರದೇಶಗಳ ಏಕೀಕರಣ, ಹೊಸ ಮೈಸೂರು ರಾಜ್ಯದ ಉದಯ.
- 1973: ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂದು ಮರುನಾಮಕರಣ.
- 1997: ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಸ್ಥಾಪನೆ.
- 2006: ರಾಜ್ಯ ರಚನೆಗೆ 50 ವರ್ಷ, ಸುವರ್ಣ ಕರ್ನಾಟಕ.
- 2014: ಬೆಂಗಳೂರು ಸೇರಿದಂತೆ 12 ನಗರಗಳ ಅಧಿಕೃತ ಹೆಸರುಗಳ ಬದಲಾವಣೆ.
- 2022: ನಟ ಪುನೀತ್ ರಾಜ್‌ಕುಮಾರ್ ಅವರಿಗೆ ಮರಣೋತ್ತರವಾಗಿ ಕರ್ನಾಟಕ ರತ್ನ ಪ್ರಶಸ್ತಿ ಪ್ರದಾನ.
- 2023: ಕರ್ನಾಟಕ ಎಂಬ ಹೆಸರಿಗೆ 50 ವರ್ಷ.

1858: ರಾಣಿಯ ಘೋಷಣೆ ಮತ್ತು ಕನ್ನಡ ನಾಡು

1858ರ ನವೆಂಬರ್ 1ರಂದು ಗವರ್ನರ್ ಜನರಲ್ ಲಾರ್ಡ್ ಕ್ಯಾನಿಂಗ್ ಅಲಹಾಬಾದಿನಲ್ಲಿ ವಿಕ್ಟೋರಿಯಾ ರಾಣಿಯ ಘೋಷಣೆಯನ್ನು ಪ್ರಕಟಿಸಿದನು. ಕಂಪನಿಯ ಆಡಳಿತ ಕೊನೆಗೊಂಡು ಭಾರತವು ನೇರವಾಗಿ ಬ್ರಿಟಿಷ್ ಪ್ರಭುತ್ವಕ್ಕೆ ಒಳಪಟ್ಟಿತು. ದೇಶೀಯ ಅರಸರೊಡನೆ ಕಂಪನಿಯು ಮಾಡಿಕೊಂಡಿದ್ದ ಒಪ್ಪಂದಗಳನ್ನು ಗೌರವಿಸಲಾಗುವುದೆಂಬ ಭರವಸೆ ಈ ಘೋಷಣೆಯಲ್ಲಿತ್ತು.

ಇದು ಇಡೀ ದೇಶಕ್ಕೆ ಸಂಬಂಧಿಸಿದ ಘಟನೆಯಾದರೂ ಕನ್ನಡ ನಾಡಿನ ಮಟ್ಟಿಗೆ ಇದಕ್ಕೆ ವಿಶೇಷ ಅರ್ಥವಿತ್ತು. 1831ರಿಂದ ಮೈಸೂರು ಸಂಸ್ಥಾನದ ಆಡಳಿತವು ಬ್ರಿಟಿಷ್ ಕಮಿಷನರುಗಳ ಕೈಯಲ್ಲಿತ್ತು. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ಅಧಿಕಾರವನ್ನು ಮರಳಿ ಪಡೆಯಲು ಮನವಿಗಳನ್ನು ಸಲ್ಲಿಸುತ್ತಲೇ ಇದ್ದರು. ಅವರು 1865ರಲ್ಲಿ ದತ್ತು ಸ್ವೀಕರಿಸಿದ ಚಾಮರಾಜೇಂದ್ರ ಒಡೆಯರನ್ನು ಬ್ರಿಟಿಷ್ ಸರ್ಕಾರ ಮಾನ್ಯ ಮಾಡಿತು. 1881ರಲ್ಲಿ ಸಂಸ್ಥಾನವು ಅರಸರಿಗೆ ಹಿಂದಿರುಗಿತು. ಮೈಸೂರು ಪ್ರತ್ಯೇಕ ಸಂಸ್ಥಾನವಾಗಿ ಉಳಿದುದರಿಂದಲೇ ಮುಂದೆ 1956ರಲ್ಲಿ ಏಕೀಕೃತ ರಾಜ್ಯಕ್ಕೆ ಅದು ತಿರುಳಾಯಿತು. ಆ ರಾಜ್ಯಕ್ಕೆ ಮೈಸೂರು ಎಂಬ ಹೆಸರು ಬರಲೂ ಅದೇ ಕಾರಣವಾಯಿತು.

ಉತ್ತರ ಭಾಗದಲ್ಲಿ ಅದೇ ವರ್ಷದ ಅನುಭವ ಬೇರೆ ಬಗೆಯದಾಗಿತ್ತು. ನರಗುಂದದ ಬಾಬಾಸಾಹೇಬ, ಮುಂಡರಗಿಯ ಭೀಮರಾಯ ಮತ್ತು ಸುರಪುರದ ವೆಂಕಟಪ್ಪನಾಯಕರ ಬಂಡಾಯಗಳು 1858ರಲ್ಲಿಯೇ ಅಡಗಿಸಲ್ಪಟ್ಟಿದ್ದವು. ಘೋಷಣೆ ಹೊರಡುವ ವೇಳೆಗೆ ಕನ್ನಡ ನಾಡು ಮುಂಬಯಿ ಪ್ರಾಂತ, ಮದ್ರಾಸ್ ಪ್ರಾಂತ, ನಿಜಾಮನ ಸಂಸ್ಥಾನ, ಮೈಸೂರು, ಕೊಡಗು ಹಾಗೂ ಹಲವು ಚಿಕ್ಕ ಸಂಸ್ಥಾನಗಳಲ್ಲಿ ಹರಿದು ಹಂಚಿಹೋಗಿತ್ತು. ಕೆಲವೇ ವರ್ಷಗಳಲ್ಲಿ ಕೆನರಾ ಜಿಲ್ಲೆಯೂ ಇಬ್ಭಾಗವಾಗಿ, 1862ರಲ್ಲಿ ಅದರ ಉತ್ತರ ಭಾಗವು ಮುಂಬಯಿ ಪ್ರಾಂತಕ್ಕೆ ಸೇರಿತು. ದಕ್ಷಿಣ ಭಾಗವು ಮದ್ರಾಸ್ ಪ್ರಾಂತದಲ್ಲಿಯೇ ಉಳಿಯಿತು.

1956: ಏಕೀಕರಣ

ಹಿನ್ನೆಲೆ

ಒಂದೇ ಭಾಷೆಯನ್ನಾಡುವ ಜನ ಬೇರೆ ಬೇರೆ ಆಡಳಿತಗಳಲ್ಲಿದ್ದುದರಿಂದ ಶಾಲೆ, ಕಚೇರಿ, ನ್ಯಾಯಾಲಯಗಳಲ್ಲಿ ಕನ್ನಡಕ್ಕೆ ಸ್ಥಾನ ದೊರೆಯುತ್ತಿರಲಿಲ್ಲ. ಮುಂಬಯಿ ಕರ್ನಾಟಕದಲ್ಲಿ ಮರಾಠಿಯೂ ಹೈದರಾಬಾದ್ ಕರ್ನಾಟಕದಲ್ಲಿ ಉರ್ದುವೂ ಪ್ರಬಲವಾಗಿದ್ದವು. 1890ರಲ್ಲಿ ಧಾರವಾಡದಲ್ಲಿ ರಾ. ಹ. ದೇಶಪಾಂಡೆಯವರ ನೇತೃತ್ವದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಸ್ಥಾಪನೆಯಾಯಿತು. 1915ರಲ್ಲಿ ಬೆಂಗಳೂರಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿತು. ಆಲೂರು ವೆಂಕಟರಾಯರು 1917ರಲ್ಲಿ ಪ್ರಕಟಿಸಿದ 'ಕರ್ನಾಟಕ ಗತವೈಭವ' ಕೃತಿಯು ಹಂಚಿಹೋಗಿದ್ದ ಜನರಲ್ಲಿ ಒಂದೇ ನಾಡಿನವರೆಂಬ ಭಾವನೆಯನ್ನು ಬೆಳೆಸಿತು. 1920ರಲ್ಲಿ ಕಾಂಗ್ರೆಸ್ ಭಾಷಾವಾರು ಪ್ರಾಂತ ಸಮಿತಿಗಳನ್ನು ಒಪ್ಪಿಕೊಂಡಾಗ ಕರ್ನಾಟಕಕ್ಕೂ ಪ್ರತ್ಯೇಕ ಸಮಿತಿ ದೊರೆಯಿತು. 1924ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ, ಅಲ್ಲಿಯೇ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಮೊದಲ ಕರ್ನಾಟಕ ಏಕೀಕರಣ ಸಮ್ಮೇಳನವೂ ಜರುಗಿತು.

ಸ್ವಾತಂತ್ರ್ಯ ಬಂದ ನಂತರ ಜಮಖಂಡಿ, ಮುಧೋಳ, ರಾಮದುರ್ಗ, ಸವಣೂರು ಮುಂತಾದ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿಯೂ ಸಂಡೂರು ಮದ್ರಾಸ್ ಪ್ರಾಂತದಲ್ಲಿಯೂ ವಿಲೀನವಾದವು. ಇದರಿಂದ ಆಡಳಿತಗಳ ಸಂಖ್ಯೆ ಇಳಿಯಿತಾದರೂ ಕನ್ನಡಿಗರು ಮೈಸೂರು, ಮುಂಬಯಿ, ಹೈದರಾಬಾದ್, ಮದ್ರಾಸ್ ಮತ್ತು ಕೊಡಗು ಎಂಬ ಐದು ರಾಜ್ಯಗಳಲ್ಲಿಯೇ ಉಳಿದರು. ಪೊಟ್ಟಿ ಶ್ರೀರಾಮುಲು ಅವರ ಉಪವಾಸ ಮತ್ತು ಮರಣದ ಬಳಿಕ 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾಯಿತು. ಅದೇ ದಿನ ಬಳ್ಳಾರಿ ಜಿಲ್ಲೆಯ ಕನ್ನಡ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದವು. ಕರ್ನಾಟಕಕ್ಕೂ ಅಂಥದೇ ನಿರ್ಧಾರ ಬೇಕೆಂದು ಆಗ್ರಹಿಸಿ 1953ರಲ್ಲಿ ಹುಬ್ಬಳ್ಳಿ ಸಮೀಪದ ಅದರಗುಂಚಿಯಲ್ಲಿ ಶಂಕರಗೌಡ ಪಾಟೀಲರು ಆಮರಣಾಂತ ಉಪವಾಸ ಕೈಗೊಂಡರು. ಅದರ ಬೆನ್ನಿಗೆ ಹುಬ್ಬಳ್ಳಿಯಲ್ಲಿ ದೊಡ್ಡ ಪ್ರಮಾಣದ ಪ್ರತಿಭಟನೆಗಳು ನಡೆದವು.

1953ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರವು ನ್ಯಾಯಮೂರ್ತಿ ಫಜಲ್ ಅಲಿ ಅಧ್ಯಕ್ಷತೆಯಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗವನ್ನು ನೇಮಿಸಿತು. ಹೃದಯನಾಥ ಕುಂಜ್ರು ಮತ್ತು ಕೆ. ಎಂ. ಪಣಿಕ್ಕರ್ ಅದರ ಸದಸ್ಯರಾಗಿದ್ದರು. 1955ರ ಸೆಪ್ಟೆಂಬರಿನಲ್ಲಿ ಸಲ್ಲಿಸಿದ ವರದಿಯಲ್ಲಿ ಆಯೋಗವು ಕನ್ನಡ ಪ್ರದೇಶಗಳ ಒಂದು ರಾಜ್ಯವನ್ನು ಶಿಫಾರಸು ಮಾಡಿ ಅದನ್ನು ಕರ್ನಾಟಕವೆಂದೇ ಕರೆಯಿತು. ಬಳ್ಳಾರಿಯ ಕೆಲವು ತಾಲ್ಲೂಕುಗಳು ಆಂಧ್ರಕ್ಕೆ ಸೇರಬೇಕೆಂಬ ಸಲಹೆಯೂ ವರದಿಯಲ್ಲಿತ್ತು. ಅದಕ್ಕೆ ತೀವ್ರ ವಿರೋಧ ವ್ಯಕ್ತವಾಯಿತು. ಕೇಂದ್ರ ಸರ್ಕಾರ ಆ ಸಲಹೆಯನ್ನು ಕೈಬಿಟ್ಟಿತು.

ಏಕೀಕರಣಕ್ಕೆ ಕನ್ನಡಿಗರೆಲ್ಲರೂ ಒಂದೇ ದನಿಯಲ್ಲಿ ಒಪ್ಪಿದ್ದರೆಂದು ಹೇಳಲಾಗದು. ಮುಂದುವರಿದ ಮೈಸೂರು ಸಂಸ್ಥಾನದ ಸಂಪನ್ಮೂಲಗಳನ್ನು ಹಿಂದುಳಿದ ಪ್ರದೇಶಗಳೊಡನೆ ಹಂಚಿಕೊಳ್ಳಬೇಕಾಗುವುದೆಂಬ ಅಳುಕು ಹಳೆಯ ಮೈಸೂರಿನ ಕೆಲವು ನಾಯಕರಲ್ಲಿತ್ತು. ರಾಜಕೀಯ ಪ್ರಾಬಲ್ಯ ಕೈತಪ್ಪಬಹುದೆಂಬ ಶಂಕೆಯೂ ಇತ್ತು. ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು ಈ ವಿರೋಧಗಳ ನಡುವೆಯೂ ಏಕೀಕರಣದ ಪರವಾಗಿ ನಿಂತರು. ಕುವೆಂಪು ಮೊದಲಾದ ಸಾಹಿತಿಗಳೂ ಅಖಂಡ ಕರ್ನಾಟಕದ ಪರವಾಗಿ ಬರೆದರು.

ದಿನಾಂಕ ನಿಗದಿಯಾದ ಬಗೆ

1956ರ ರಾಜ್ಯಗಳ ಪುನರ್ವಿಂಗಡಣಾ ಕಾಯ್ದೆಗೆ 1956ರ ಆಗಸ್ಟ್ 31ರಂದು ರಾಷ್ಟ್ರಪತಿಯ ಅಂಕಿತ ದೊರೆಯಿತು. ಅದು ಜಾರಿಗೆ ಬರುವ ದಿನವನ್ನು ಕಾಯ್ದೆಯೇ 'ನಿಗದಿತ ದಿನ' ಎಂದು ಕರೆದು, ನವೆಂಬರ್ 1 ಎಂದು ಗೊತ್ತುಪಡಿಸಿತ್ತು. ಆದುದರಿಂದ ಈ ದಿನಾಂಕವು ಕರ್ನಾಟಕಕ್ಕಾಗಿ ಪ್ರತ್ಯೇಕವಾಗಿ ಆಯ್ದುದಲ್ಲ. ಅದೇ ದಿನ ಕೇರಳ ಮತ್ತು ಆಂಧ್ರ ಪ್ರದೇಶ ಅಸ್ತಿತ್ವಕ್ಕೆ ಬಂದವು. ಮಧ್ಯಪ್ರದೇಶ, ಮುಂಬಯಿ, ಪಂಜಾಬ್ ಮತ್ತು ರಾಜಸ್ಥಾನಗಳು ಹೊಸ ರೂಪ ಪಡೆದವು. ಹೈದರಾಬಾದ್ ಮತ್ತು ಕೊಡಗು ರಾಜ್ಯಗಳು ಇಲ್ಲವಾದವು. ಸಂವಿಧಾನದ ಏಳನೆಯ ತಿದ್ದುಪಡಿಯೂ ಅಂದೇ ಜಾರಿಗೆ ಬಂದು, ರಾಜ್ಯಗಳನ್ನು ಎ, ಬಿ, ಸಿ ಎಂದು ವಿಭಜಿಸುತ್ತಿದ್ದ ಪದ್ಧತಿ ಕೊನೆಗೊಂಡಿತು. ದೇಶದಲ್ಲಿ 14 ರಾಜ್ಯಗಳೂ 6 ಕೇಂದ್ರಾಡಳಿತ ಪ್ರದೇಶಗಳೂ ಉಳಿದವು.

ಒಂದುಗೂಡಿದ ಪ್ರದೇಶಗಳು

ಕಾಯ್ದೆಯ ಪ್ರಕಾರ ಹೊಸ ಮೈಸೂರು ರಾಜ್ಯಕ್ಕೆ ಸೇರಿದ ಪ್ರದೇಶಗಳು ಹೀಗಿವೆ:

- ಅಂದಿನ ಮೈಸೂರು ರಾಜ್ಯ (ಬಳ್ಳಾರಿ ಜಿಲ್ಲೆಯೂ ಸೇರಿ).
- ಮುಂಬಯಿ ರಾಜ್ಯದಿಂದ: ಚಂದಗಡ ತಾಲ್ಲೂಕನ್ನು ಬಿಟ್ಟು ಬೆಳಗಾವಿ ಜಿಲ್ಲೆ, ಬಿಜಾಪುರ, ಧಾರವಾಡ ಮತ್ತು ಉತ್ತರ ಕನ್ನಡ ಜಿಲ್ಲೆಗಳು.
- ಹೈದರಾಬಾದ್ ರಾಜ್ಯದಿಂದ: ಕೊಡಂಗಲ್ ಮತ್ತು ತಾಂಡೂರು ತಾಲ್ಲೂಕುಗಳನ್ನು ಬಿಟ್ಟು ಗುಲ್ಬರ್ಗಾ ಜಿಲ್ಲೆ, ಆಲಂಪುರ ಮತ್ತು ಗದ್ವಾಲ್ ತಾಲ್ಲೂಕುಗಳನ್ನು ಬಿಟ್ಟು ರಾಯಚೂರು ಜಿಲ್ಲೆ, ಅಹಮದಪುರ, ನಿಲಂಗಾ, ಉದಗೀರ ಮೊದಲಾದ ಭಾಗಗಳನ್ನು ಬಿಟ್ಟು ಬೀದರ ಜಿಲ್ಲೆ.
- ಮದ್ರಾಸ್ ರಾಜ್ಯದಿಂದ: ಕಾಸರಗೋಡು ತಾಲ್ಲೂಕು ಮತ್ತು ಅಮೀನ್‌ದೀವಿ ದ್ವೀಪಗಳನ್ನು ಬಿಟ್ಟು ದಕ್ಷಿಣ ಕನ್ನಡ ಜಿಲ್ಲೆ, ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು.
- ಕೊಡಗು ರಾಜ್ಯ ಪೂರ್ಣವಾಗಿ.

ಹೀಗೆ ರಚನೆಯಾದ ರಾಜ್ಯದಲ್ಲಿ 19 ಜಿಲ್ಲೆಗಳಿದ್ದವು. ಅಕ್ಟೋಬರ್ 31ರವರೆಗೆ ಹಳೆಯ ಮೈಸೂರಿನ ಮುಖ್ಯಮಂತ್ರಿಯಾಗಿದ್ದ ಕಡಿದಾಳ್ ಮಂಜಪ್ಪನವರ ನಂತರ ಎಸ್. ನಿಜಲಿಂಗಪ್ಪನವರು ಏಕೀಕೃತ ರಾಜ್ಯದ ಮೊದಲ ಮುಖ್ಯಮಂತ್ರಿಯಾದರು. ಅದುವರೆಗೆ ರಾಜಪ್ರಮುಖರಾಗಿದ್ದ ಜಯಚಾಮರಾಜೇಂದ್ರ ಒಡೆಯರು ಹೊಸ ರಾಜ್ಯದ ಮೊದಲ ರಾಜ್ಯಪಾಲರಾದರು. ಸಿ. ಎಂ. ಪೂಣಚ್ಚನವರ ನೇತೃತ್ವದ ಕೊಡಗಿನ ಸರ್ಕಾರ ಹಾಗೂ 24 ಸದಸ್ಯರ ಅಲ್ಲಿನ ವಿಧಾನಸಭೆ ಕೊನೆಗೊಂಡವು. 1957ರ ಚುನಾವಣೆಯಲ್ಲಿ ಹೊಸ ರಾಜ್ಯದ ಎಲ್ಲ ಭಾಗಗಳ ಮತದಾರರು ಮೊದಲ ಬಾರಿಗೆ 208 ಸ್ಥಾನಗಳ ಒಂದೇ ವಿಧಾನಸಭೆಗೆ ಪ್ರತಿನಿಧಿಗಳನ್ನು ಆರಿಸಿದರು.

ಆಡಳಿತದ ಒಗ್ಗೂಡಿಕೆ

ನಕ್ಷೆಯ ಮೇಲೆ ಒಂದಾದ ರಾಜ್ಯವು ಕಡತಗಳಲ್ಲಿ ಒಂದಾಗಲು ಹಲವು ವರ್ಷಗಳೇ ಬೇಕಾದವು. ಐದು ಆಡಳಿತಗಳ ಕಂದಾಯ ಪದ್ಧತಿ, ಗೇಣಿ ಕಾನೂನು, ಶಾಲಾ ವ್ಯವಸ್ಥೆ, ಸ್ಥಳೀಯ ಸಂಸ್ಥೆಗಳ ನಿಯಮಗಳು ಬೇರೆ ಬೇರೆಯಾಗಿದ್ದವು. ನಿಗದಿತ ದಿನದ ನಂತರವೂ ಆಯಾ ಪ್ರದೇಶದ ಹಳೆಯ ಕಾನೂನುಗಳು ಬದಲಾಗುವವರೆಗೆ ಊರ್ಜಿತದಲ್ಲಿರುತ್ತವೆಂದು ಪುನರ್ವಿಂಗಡಣಾ ಕಾಯ್ದೆ ವಿಧಿಸಿತ್ತು. ಹೀಗಾಗಿ ಒಂದೇ ರಾಜ್ಯದ ರೈತನೊಬ್ಬನಿಗೆ ಧಾರವಾಡದಲ್ಲಿ ಮುಂಬಯಿಯ ಕಾನೂನು, ರಾಯಚೂರಿನಲ್ಲಿ ಹೈದರಾಬಾದಿನ ಕಾನೂನು, ಮಂಗಳೂರಿನಲ್ಲಿ ಮದ್ರಾಸಿನ ಕಾನೂನು ಅನ್ವಯವಾಗುತ್ತಿತ್ತು.

1959ರ ಗ್ರಾಮ ಪಂಚಾಯಿತಿ ಮತ್ತು ಸ್ಥಳೀಯ ಮಂಡಳಿಗಳ ಕಾಯ್ದೆ, 1961ರ ಭೂಸುಧಾರಣಾ ಕಾಯ್ದೆ, 1963ರ ರಾಜ್ಯಭಾಷಾ ಕಾಯ್ದೆ ಮತ್ತು 1964ರ ಭೂಕಂದಾಯ ಕಾಯ್ದೆಗಳು ಇಡೀ ರಾಜ್ಯಕ್ಕೆ ಏಕರೂಪದ ಕಾನೂನನ್ನು ತಂದವು. ಬೇರೆ ಬೇರೆ ರಾಜ್ಯಗಳಿಂದ ಬಂದ ನೌಕರರ ಸೇವಾ ಹಿರಿತನವನ್ನು ನಿರ್ಧರಿಸುವ ಕಾರ್ಯವೂ ಸುಲಭವಾಗಿರಲಿಲ್ಲ. ಒಂದು ಕಡೆಯ ಹುದ್ದೆಗೆ ಇನ್ನೊಂದು ಕಡೆಯ ಯಾವ ಹುದ್ದೆ ಸಮಾನವೆಂಬ ಪ್ರಶ್ನೆ ವರ್ಷಗಟ್ಟಲೆ ನ್ಯಾಯಾಲಯಗಳಲ್ಲಿ ಚರ್ಚೆಯಾಯಿತು. 1956ರಲ್ಲಿಯೇ ಪೂರ್ಣಗೊಂಡಿದ್ದ ವಿಧಾನಸೌಧವು ಹೊಸ ರಾಜ್ಯದ ಆಡಳಿತ ಕೇಂದ್ರವಾಯಿತು.

ಹೊರಗುಳಿದ ಪ್ರದೇಶಗಳು

ನವೆಂಬರ್ 1 ಎಲ್ಲ ಕನ್ನಡಿಗರಿಗೂ ಒಂದುಗೂಡಿದ ದಿನವಾಗಲಿಲ್ಲ. ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದ ಕಾಸರಗೋಡು ತಾಲ್ಲೂಕು ಅಂದು ಕೇರಳಕ್ಕೆ ಸೇರಿತು. ರಾಷ್ಟ್ರಕವಿ ಗೋವಿಂದ ಪೈಗಳು ನೆಲೆಸಿದ್ದ ಮಂಜೇಶ್ವರವೂ ಕೇರಳದ ಊರಾಯಿತು. ಕಾಸರಗೋಡಿನ ವಿಲೀನಕ್ಕಾಗಿ ಕವಿ ಕಯ್ಯಾರ ಕಿಞ್ಞಣ್ಣ ರೈಯವರು ದೀರ್ಘಕಾಲ ಹೋರಾಡಿದರು. ಸೊಲ್ಲಾಪುರ, ಅಕ್ಕಲಕೋಟೆ ಮತ್ತು ಜತ್ತ ಪ್ರದೇಶಗಳು ಮುಂಬಯಿ ರಾಜ್ಯದಲ್ಲಿ ಉಳಿದು, 1960ರ ನಂತರ ಮಹಾರಾಷ್ಟ್ರದ ಭಾಗವಾದವು. ಆದೋನಿ, ರಾಯದುರ್ಗ, ಮಡಕಶಿರಾ ತಾಲ್ಲೂಕುಗಳು ಆಂಧ್ರದಲ್ಲಿಯೂ ತಾಳವಾಡಿ ಮತ್ತು ಹೊಸೂರು ಮದ್ರಾಸ್ ರಾಜ್ಯದಲ್ಲಿಯೂ ಉಳಿದವು.

ಇದಕ್ಕೆ ಪ್ರತಿಯಾಗಿ ಬೆಳಗಾವಿ ನಗರ ಮತ್ತು ಸುತ್ತಲಿನ ಪ್ರದೇಶದ ಮರಾಠಿ ಭಾಷಿಕರಲ್ಲಿ ಹಲವರು ತಮ್ಮನ್ನು ಮೈಸೂರು ರಾಜ್ಯಕ್ಕೆ ಸೇರಿಸಿದುದನ್ನು ಒಪ್ಪಲಿಲ್ಲ. ಮಹಾರಾಷ್ಟ್ರ ಏಕೀಕರಣ ಸಮಿತಿಯು ನವೆಂಬರ್ 1ನ್ನು ಕರಾಳ ದಿನವೆಂದು ಆಚರಿಸುತ್ತ ಬಂದಿದೆ. ಆದುದರಿಂದ ಬೆಳಗಾವಿಯಲ್ಲಿ ಒಂದೇ ದಿನ ರಾಜ್ಯೋತ್ಸವದ ಮೆರವಣಿಗೆಯೂ ಪ್ರತಿಭಟನೆಯೂ ನಡೆಯುವುದುಂಟು.

ಈ ವಿವಾದಗಳನ್ನು ಪರಿಶೀಲಿಸಲು 1966ರಲ್ಲಿ ನೇಮಕವಾದ ನ್ಯಾಯಮೂರ್ತಿ ಮೆಹರ್‌ಚಂದ್ ಮಹಾಜನ್ ಆಯೋಗವು 1967ರಲ್ಲಿ ವರದಿ ಸಲ್ಲಿಸಿತು. ಬೆಳಗಾವಿ ನಗರವು ಮೈಸೂರು ರಾಜ್ಯದಲ್ಲಿಯೇ ಉಳಿಯಬೇಕು, ನಿಪ್ಪಾಣಿ ಮತ್ತು ಖಾನಾಪುರ ಸೇರಿದಂತೆ 264 ಗ್ರಾಮಗಳು ಮಹಾರಾಷ್ಟ್ರಕ್ಕೆ ಹೋಗಬೇಕು, ಅಕ್ಕಲಕೋಟೆ, ಜತ್ತ ಮತ್ತು ದಕ್ಷಿಣ ಸೊಲ್ಲಾಪುರದ 247 ಗ್ರಾಮಗಳು ಮೈಸೂರಿಗೆ ಬರಬೇಕು, ಕಾಸರಗೋಡಿನಲ್ಲಿ ಚಂದ್ರಗಿರಿ ನದಿಯ ಉತ್ತರದ ಭಾಗ ಮೈಸೂರಿಗೆ ಸೇರಬೇಕು ಎಂಬುದು ಅದರ ಮುಖ್ಯ ಶಿಫಾರಸು. ಮಹಾರಾಷ್ಟ್ರವು ವರದಿಯನ್ನು ತಿರಸ್ಕರಿಸಿತು, ಕೇರಳವೂ ಒಪ್ಪಲಿಲ್ಲ. ವರದಿ ಜಾರಿಗೆ ಬರಲಿಲ್ಲ. 2004ರಲ್ಲಿ ಮಹಾರಾಷ್ಟ್ರ ಸರ್ಕಾರವು ಸರ್ವೋಚ್ಚ ನ್ಯಾಯಾಲಯದಲ್ಲಿ ಮೊಕದ್ದಮೆ ಹೂಡಿತು. ಕರ್ನಾಟಕವು ಬೆಳಗಾವಿಯಲ್ಲಿ ಸುವರ್ಣ ವಿಧಾನಸೌಧವನ್ನು ನಿರ್ಮಿಸಿ 2012ರಲ್ಲಿ ಅದನ್ನು ಉದ್ಘಾಟಿಸಿತು.

ಗಡಿಯ ಎರಡೂ ಬದಿಯ ಭಾಷಾ ಅಲ್ಪಸಂಖ್ಯಾತರಿಗೆ ಆಸರೆಯಾದುದು ಅದೇ ನವೆಂಬರ್ 1ರಂದು ಜಾರಿಗೆ ಬಂದ ಸಂವಿಧಾನದ ಏಳನೆಯ ತಿದ್ದುಪಡಿ. ಅದು ಸೇರಿಸಿದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಕಲ್ಪಿಸಬೇಕೆಂದು ಹೇಳುತ್ತದೆ. 350ಬಿ ವಿಧಿಯು ಅವರ ಹಿತರಕ್ಷಣೆಗೆ ವಿಶೇಷಾಧಿಕಾರಿಯ ನೇಮಕವನ್ನು ವಿಧಿಸುತ್ತದೆ. ಕಾಸರಗೋಡಿನ ಕನ್ನಡ ಶಾಲೆಗೂ ಬೆಳಗಾವಿಯ ಮರಾಠಿ ಶಾಲೆಗೂ ಸಂವಿಧಾನದಲ್ಲಿರುವ ಆಧಾರ ಒಂದೇ.

1973: ಕರ್ನಾಟಕ ಎಂಬ ಹೆಸರು

ಆಯೋಗದ ವರದಿಯಲ್ಲಿ ಕರ್ನಾಟಕವೆಂಬ ಹೆಸರಿದ್ದರೂ 1956ರ ಕಾಯ್ದೆಯು ಮೈಸೂರು ಎಂಬ ಹೆಸರನ್ನೇ ಉಳಿಸಿಕೊಂಡಿತು. ಮೈಸೂರಿನ ಹೆಸರಿಗೆ ದೇಶವಿದೇಶಗಳಲ್ಲಿ ಇದ್ದ ಕೀರ್ತಿಯನ್ನು ಬಿಡಬಾರದೆಂದು ಹಳೆಯ ಮೈಸೂರಿನ ಹಲವರು ವಾದಿಸಿದರು. ಧಾರವಾಡ, ಕಲಬುರಗಿ, ಮಂಗಳೂರು, ಮಡಿಕೇರಿಗಳ ಜನರಿಗೆ ಅದು ರಾಜ್ಯದ ಒಂದು ಭಾಗದ ಹೆಸರಾಗಿ ಮಾತ್ರ ತೋರುತ್ತಿತ್ತು. ಕರ್ನಾಟಕ ಎಂಬ ಹೆಸರು ಯಾವ ಒಂದು ಪ್ರಾಂತಕ್ಕೂ ಸೀಮಿತವಾದುದಲ್ಲ. ಸಂಸ್ಕೃತ ಕೃತಿಗಳಲ್ಲಿಯೂ ಶಾಸನಗಳಲ್ಲಿಯೂ ಪ್ರಾಚೀನ ಕಾಲದಿಂದ ಬಳಕೆಯಲ್ಲಿದ್ದುದು. ಅಂದಾನಪ್ಪ ದೊಡ್ಡಮೇಟಿಯವರು ಈ ಹೆಸರಿಗಾಗಿ ಎಡೆಬಿಡದೆ ಒತ್ತಾಯಿಸಿದರು.

ದೇವರಾಜ ಅರಸು ಅವರು ಮುಖ್ಯಮಂತ್ರಿಯಾಗಿದ್ದಾಗ, 1972ರ ಜುಲೈ ತಿಂಗಳಿನಲ್ಲಿ ರಾಜ್ಯದ ಶಾಸನಸಭೆ ಹೆಸರಿನ ಬದಲಾವಣೆಯ ನಿರ್ಣಯವನ್ನು ಅಂಗೀಕರಿಸಿತು. ಅರಸು ಅವರು ಮೈಸೂರು ಜಿಲ್ಲೆಯ ಹುಣಸೂರಿನವರು. ಹಳೆಯ ಮೈಸೂರಿನ ನಾಯಕರೊಬ್ಬರೇ ಹೆಸರು ಬದಲಾವಣೆಯ ಮುಂದಾಳತ್ವ ವಹಿಸಿದುದು ಗಮನಾರ್ಹ. ಸಂವಿಧಾನದ 3ನೆಯ ವಿಧಿಯ ಪ್ರಕಾರ ರಾಜ್ಯದ ಹೆಸರನ್ನು ಬದಲಿಸುವ ಅಧಿಕಾರ ಸಂಸತ್ತಿಗೆ ಸೇರಿದುದರಿಂದ, ಸಂಸತ್ತು 1973ರಲ್ಲಿ ಮೈಸೂರು ರಾಜ್ಯ (ಹೆಸರು ಬದಲಾವಣೆ) ಕಾಯ್ದೆಯನ್ನು ಮಾಡಿತು. ಅದು 1973ರ ನವೆಂಬರ್ 1ರಂದು ಜಾರಿಗೆ ಬಂದಿತು. ಏಕೀಕರಣದ ಕನಸನ್ನು ಕಂಡ ಆಲೂರು ವೆಂಕಟರಾಯರು 1964ರಲ್ಲಿಯೇ ತೀರಿಕೊಂಡಿದ್ದರು. ರಾಜ್ಯದ ರಚನೆಯನ್ನು ನೋಡಿದ ಅವರು ಅದರ ಹೆಸರನ್ನು ನೋಡಲಿಲ್ಲ.

ಈ ಬದಲಾವಣೆಯಿಂದ ರಾಜ್ಯದ ಕಾನೂನುಗಳಲ್ಲಿದ್ದ ಮೈಸೂರು ಎಂಬ ಪದದ ಸ್ಥಾನದಲ್ಲಿ ಕರ್ನಾಟಕ ಎಂಬ ಪದ ಬಂದಿತು. ಮೈಸೂರು ಉಚ್ಚ ನ್ಯಾಯಾಲಯವು ಕರ್ನಾಟಕ ಉಚ್ಚ ನ್ಯಾಯಾಲಯವಾಯಿತು. ರಾಜ್ಯದ ರಸ್ತೆ ಸಾರಿಗೆ ಸಂಸ್ಥೆಯೂ ಹೊಸ ಹೆಸರನ್ನು ಪಡೆಯಿತು. ಮೈಸೂರು ವಿಶ್ವವಿದ್ಯಾನಿಲಯ, ಮೈಸೂರ್ ಸ್ಯಾಂಡಲ್ ಸಾಬೂನು ಮೊದಲಾದವು ಹಳೆಯ ಹೆಸರಿನಲ್ಲಿಯೇ ಮುಂದುವರಿದವು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಗುವವರೆಗೂ ಅದೇ ಹೆಸರನ್ನು ಉಳಿಸಿಕೊಂಡಿತ್ತು.

ಅದೇ ದಿನ ಲಕ್ಕದೀವ್, ಮಿನಿಕಾಯ್ ಮತ್ತು ಅಮೀನ್‌ದೀವಿ ದ್ವೀಪಗಳೆಂಬ ಕೇಂದ್ರಾಡಳಿತ ಪ್ರದೇಶಕ್ಕೆ ಲಕ್ಷದ್ವೀಪ ಎಂಬ ಹೆಸರು ಬಂದಿತು. ಇವುಗಳಲ್ಲಿ ಅಮೀನ್‌ದೀವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಒಂದೇ ಜಿಲ್ಲೆಯ ಎರಡು ಭಾಗಗಳು ಒಂದೇ ದಿನ ಅಗಲಿ, 17 ವರ್ಷಗಳ ನಂತರ ಒಂದೇ ದಿನ ಹೊಸ ಹೆಸರಿನ ಆಡಳಿತಗಳಿಗೆ ಸೇರಿದಂತಾಯಿತು. ಮುಂದೆ ವಿಶ್ವಸುಂದರಿ ಪಟ್ಟ ಪಡೆದು ಚಿತ್ರನಟಿಯಾದ ಐಶ್ವರ್ಯಾ ರೈ ಮಂಗಳೂರಿನಲ್ಲಿ ಜನಿಸಿದುದು ಇದೇ 1973ರ ನವೆಂಬರ್ 1ರಂದು.

ನಂತರದ ಘಟನೆಗಳು

1997ರ ನವೆಂಬರ್ 1ರಂದು ಹುಬ್ಬಳ್ಳಿಯನ್ನು ಕೇಂದ್ರವಾಗಿಟ್ಟುಕೊಂಡು ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ ಸ್ಥಾಪನೆಯಾಯಿತು. ಬೆಳಗಾವಿ, ಧಾರವಾಡ, ಉತ್ತರ ಕನ್ನಡ, ಗದಗ, ಹಾವೇರಿ ಮತ್ತು ಬಾಗಲಕೋಟೆ ಜಿಲ್ಲೆಗಳು ಅದರ ವ್ಯಾಪ್ತಿಗೆ ಬರುತ್ತವೆ. ಇವೆಲ್ಲವೂ 1956ಕ್ಕೆ ಮೊದಲು ಬಹುಪಾಲು ಮುಂಬಯಿ ರಾಜ್ಯದಲ್ಲಿದ್ದ ಪ್ರದೇಶಗಳು. 2021ರ ನವೆಂಬರಿನಲ್ಲಿ ರಾಜ್ಯ ಸಚಿವ ಸಂಪುಟವು ಮುಂಬಯಿ ಕರ್ನಾಟಕವನ್ನು ಕಿತ್ತೂರು ಕರ್ನಾಟಕ ಎಂದು ಕರೆಯಲು ಒಪ್ಪಿಗೆ ನೀಡಿತು. ಅದಕ್ಕೂ ಮೊದಲು, 2019ರಲ್ಲಿ ಹೈದರಾಬಾದ್ ಕರ್ನಾಟಕಕ್ಕೆ ಕಲ್ಯಾಣ ಕರ್ನಾಟಕ ಎಂಬ ಹೆಸರಿಡಲಾಗಿತ್ತು.

ರಾಜ್ಯ ರಚನೆಯ 50ನೆಯ ವರ್ಷದ ಅಂಗವಾಗಿ 2005ರ ನವೆಂಬರ್ 1ರಿಂದ ಸುವರ್ಣ ಕರ್ನಾಟಕ ವರ್ಷವನ್ನು ಆಚರಿಸಲಾಯಿತು. ಆ ಸಂದರ್ಭದಲ್ಲಿ ಸಾಹಿತಿ ಯು. ಆರ್. ಅನಂತಮೂರ್ತಿಯವರು, ನಗರಗಳ ಹೆಸರುಗಳನ್ನು ಕನ್ನಡಿಗರು ಉಚ್ಚರಿಸುವಂತೆಯೇ ಇಂಗ್ಲಿಷಿನಲ್ಲಿಯೂ ಬರೆಯಬೇಕೆಂದು ಸಲಹೆ ನೀಡಿದರು. ಕೇಂದ್ರ ಗೃಹ ಸಚಿವಾಲಯದ ಒಪ್ಪಿಗೆ ದೊರೆತುದು 2014ರ ಅಕ್ಟೋಬರಿನಲ್ಲಿ. ಅದೇ ವರ್ಷದ ನವೆಂಬರ್ 1ರಂದು ಬೆಂಗಳೂರು, ಮೈಸೂರು, ಮಂಗಳೂರು, ತುಮಕೂರು, ಚಿಕ್ಕಮಗಳೂರು, ಶಿವಮೊಗ್ಗ, ಹುಬ್ಬಳ್ಳಿ, ಬೆಳಗಾವಿ, ವಿಜಯಪುರ, ಕಲಬುರಗಿ, ಬಳ್ಳಾರಿ ಮತ್ತು ಹೊಸಪೇಟೆ ಎಂಬ ಹೆಸರುಗಳು ಅಧಿಕೃತವಾದವು. ಅನಂತಮೂರ್ತಿಯವರು ಅದಕ್ಕೆ ಎರಡು ತಿಂಗಳ ಹಿಂದೆ, ಆಗಸ್ಟ್ 22ರಂದು, ನಿಧನರಾಗಿದ್ದರು.

ಈ ಹನ್ನೆರಡರಲ್ಲಿ ಹೆಚ್ಚಿನವುಗಳ ಕನ್ನಡ ರೂಪ ಬದಲಾಗಲಿಲ್ಲ. ಇಂಗ್ಲಿಷ್ ಕಾಗುಣಿತ ಮಾತ್ರ ಬದಲಾಯಿತು. ಗುಲ್ಬರ್ಗಾ ಕಲಬುರಗಿಯಾದುದು, ಬಿಜಾಪುರ ವಿಜಯಪುರವಾದುದು ಕನ್ನಡ ಬರವಣಿಗೆಯಲ್ಲಿಯೂ ಕಾಣುವ ಬದಲಾವಣೆಗಳು. ಬೆಳಗಾವಿಯ ಹೆಸರಿನ ಬದಲಾವಣೆಗೆ ಮಹಾರಾಷ್ಟ್ರ ಏಕೀಕರಣ ಸಮಿತಿಯಿಂದ ವಿರೋಧ ವ್ಯಕ್ತವಾಯಿತು.

2022ರ ನವೆಂಬರ್ 1ರಂದು ವಿಧಾನಸೌಧದ ಮುಂಭಾಗದಲ್ಲಿ ನಡೆದ ಸಮಾರಂಭದಲ್ಲಿ ನಟ ಪುನೀತ್ ರಾಜ್‌ಕುಮಾರ್ ಅವರಿಗೆ ಮರಣೋತ್ತರವಾಗಿ ಕರ್ನಾಟಕ ರತ್ನ ಪ್ರಶಸ್ತಿಯನ್ನು ಪ್ರದಾನ ಮಾಡಲಾಯಿತು. ಅವರು 2021ರ ಅಕ್ಟೋಬರ್ 29ರಂದು ನಿಧನರಾಗಿದ್ದರು. ಅವರ ತಂದೆ ಡಾ. ರಾಜ್‌ಕುಮಾರ್ ಅವರಿಗೂ ಕುವೆಂಪು ಅವರಿಗೂ 1992ರಲ್ಲಿ ಮೊದಲ ಬಾರಿಗೆ ಈ ಪ್ರಶಸ್ತಿ ಸಂದಿತ್ತು. 2023ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದು 50 ವರ್ಷಗಳು ತುಂಬಿದವು. ಆ ನಿಮಿತ್ತ ವರ್ಷವಿಡೀ ಕಾರ್ಯಕ್ರಮಗಳು ನಡೆದವು.

ರಾಜ್ಯೋತ್ಸವದ ಆಚರಣೆ

ನವೆಂಬರ್ 1 ರಾಜ್ಯಾದ್ಯಂತ ಸಾರ್ವತ್ರಿಕ ರಜಾದಿನ. ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳು, ಜಿಲ್ಲಾ ಕೇಂದ್ರಗಳಲ್ಲಿ ಉಸ್ತುವಾರಿ ಸಚಿವರು ಧ್ವಜಾರೋಹಣ ಮಾಡಿ ಸಂದೇಶ ನೀಡುತ್ತಾರೆ. ಶಾಲಾ ಮಕ್ಕಳ ಕವಾಯತು, ನಾಡದೇವಿ ಭುವನೇಶ್ವರಿಯ ಮೆರವಣಿಗೆ, ಡೊಳ್ಳು ಕುಣಿತ, ವೀರಗಾಸೆ, ಪೂಜಾ ಕುಣಿತ ಮುಂತಾದ ಜನಪದ ಕಲೆಗಳ ಪ್ರದರ್ಶನ ಇರುತ್ತವೆ. ಕುವೆಂಪು ಅವರು ರಚಿಸಿದ, 2004ರಲ್ಲಿ ಅಧಿಕೃತ ನಾಡಗೀತೆಯಾದ ಗೀತೆಯನ್ನು ಹಾಡಲಾಗುತ್ತದೆ. ಎಲ್ಲೆಡೆ ಹಾರಾಡುವ ಅರಿಶಿನ-ಕುಂಕುಮ ಬಣ್ಣದ ಬಾವುಟವನ್ನು ಕನ್ನಡ ಹೋರಾಟಗಾರ ಮ. ರಾಮಮೂರ್ತಿಯವರು 1960ರ ದಶಕದಲ್ಲಿ ರೂಪಿಸಿದರು. ಕನ್ನಡ ಸಂಘಗಳು ತಿಂಗಳಿಡೀ ಉತ್ಸವಗಳನ್ನು ಏರ್ಪಡಿಸುತ್ತವೆ. ಮುಂಬಯಿ, ದೆಹಲಿ ಹಾಗೂ ವಿದೇಶಗಳ ಕನ್ನಡ ಸಂಘಗಳು ಸಾಮಾನ್ಯವಾಗಿ ನವೆಂಬರಿನ ಯಾವುದಾದರೊಂದು ವಾರಾಂತ್ಯದಲ್ಲಿ ಆಚರಿಸುತ್ತವೆ.

ವಿವಿಧ ಕ್ಷೇತ್ರಗಳ ಸಾಧಕರಿಗೆ ರಾಜ್ಯ ಸರ್ಕಾರವು 1966ರಿಂದ ರಾಜ್ಯೋತ್ಸವ ಪ್ರಶಸ್ತಿಯನ್ನು ನೀಡುತ್ತಿದೆ. ಇತ್ತೀಚಿನ ವರ್ಷಗಳಲ್ಲಿ ವ್ಯಕ್ತಿಗಳಿಗೆ ನೀಡುವ ಪ್ರಶಸ್ತಿಗಳ ಸಂಖ್ಯೆಯನ್ನು ರಾಜ್ಯ ರಚನೆಯ ವರ್ಷಗಳಿಗೆ ಅನುಗುಣವಾಗಿ ಇಡಲಾಗಿದೆ. 2021ರಲ್ಲಿ 66, 2022ರಲ್ಲಿ 67 ಮತ್ತು 2023ರಲ್ಲಿ 68 ಮಂದಿಗೆ ಪ್ರಶಸ್ತಿ ದೊರೆಯಿತು.

ಇತರ ರಾಜ್ಯಗಳಲ್ಲಿ ಈ ದಿನ

ಕೇರಳದಲ್ಲಿ ಈ ದಿನವನ್ನು ಕೇರಳಪ್ಪಿರವಿ ಎಂದು ಆಚರಿಸುತ್ತಾರೆ. ಮಧ್ಯಪ್ರದೇಶದ ಸಂಸ್ಥಾಪನಾ ದಿನವೂ ಇದೇ. 1966ರ ನವೆಂಬರ್ 1ರಂದು ಪಂಜಾಬಿನಿಂದ ಹರಿಯಾಣ ರಾಜ್ಯವು ಪ್ರತ್ಯೇಕವಾಯಿತು. 2000ನೆಯ ಇಸವಿಯ ನವೆಂಬರ್ 1ರಂದು ಮಧ್ಯಪ್ರದೇಶದಿಂದ ಛತ್ತೀಸಗಢ ರಾಜ್ಯವು ರಚನೆಯಾಯಿತು.

ಸಾಮಾನ್ಯವಾಗಿ ಕಂಡುಬರುವ ಗೊಂದಲಗಳು

- ರಾಜ್ಯದ ರಚನೆ ಮತ್ತು ಹೆಸರು: ರಾಜ್ಯ ರಚನೆಯಾದುದು 1956ರಲ್ಲಿ, ಮೈಸೂರು ಎಂಬ ಹೆಸರಿನಲ್ಲಿ. ಕರ್ನಾಟಕವೆಂಬ ಹೆಸರು ಬಂದುದು 1973ರಲ್ಲಿ. ಎರಡರ ದಿನಾಂಕ ಒಂದೇ ಆದುದರಿಂದ ಇಸವಿಗಳನ್ನು ಅದಲುಬದಲು ಮಾಡುವುದುಂಟು.
- ಮೊದಲ ಮುಖ್ಯಮಂತ್ರಿ: ಸ್ವಾತಂತ್ರ್ಯಾನಂತರ ಮೈಸೂರಿನ ಮೊದಲ ಮುಖ್ಯಮಂತ್ರಿ ಕೆ. ಚೆಂಗಲರಾಯ ರೆಡ್ಡಿ, ಏಕೀಕೃತ ರಾಜ್ಯದ ಮೊದಲ ಮುಖ್ಯಮಂತ್ರಿ ಎಸ್. ನಿಜಲಿಂಗಪ್ಪ, ಕರ್ನಾಟಕವೆಂಬ ಹೆಸರು ಬಂದಾಗ ಮುಖ್ಯಮಂತ್ರಿಯಾಗಿದ್ದವರು ದೇವರಾಜ ಅರಸು.
- ಬಳ್ಳಾರಿ: ಬಳ್ಳಾರಿ ಜಿಲ್ಲೆ ಮೈಸೂರಿಗೆ ಸೇರಿದುದು 1953ರಲ್ಲಿ, 1956ರಲ್ಲಿ ಅಲ್ಲ.
- ಶಾಸ್ತ್ರೀಯ ಸ್ಥಾನಮಾನ: ಕನ್ನಡಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನಮಾನ ಘೋಷಣೆಯಾದುದು 2008ರ ಅಕ್ಟೋಬರ್ 31ರಂದು, ಅಂದರೆ ರಾಜ್ಯೋತ್ಸವದ ಹಿಂದಿನ ದಿನ.

ದಿನಾಂಕದ ಮಹತ್ವ

ಈ ದಿನದ ಘಟನೆಗಳನ್ನು ಮೂರು ಬಗೆಯಾಗಿ ನೋಡಬಹುದು. 1858ರ ಘೋಷಣೆಗೂ ನಂತರದ ಘಟನೆಗಳಿಗೂ ದಿನಾಂಕದ ಮಟ್ಟಿಗೆ ಯಾವ ಸಂಬಂಧವೂ ಇಲ್ಲ. 1956ರ ದಿನಾಂಕವನ್ನು ಇಡೀ ದೇಶಕ್ಕೆ ಅನ್ವಯಿಸುವ ಕಾಯ್ದೆ ಗೊತ್ತುಪಡಿಸಿತು. 1973ರ ಮತ್ತು 2014ರ ಮರುನಾಮಕರಣಗಳು ಹಾಗೂ ಪ್ರಶಸ್ತಿ ಪ್ರದಾನಗಳು ಏಕೀಕರಣದ ನೆನಪಿಗಾಗಿಯೇ ಈ ದಿನಕ್ಕೆ ಹೊಂದಿಸಿಕೊಂಡಂಥವು. 1956ರಲ್ಲಿ ನಾಡು ಒಂದಾಯಿತು, 1973ರಲ್ಲಿ ಅದರ ಹೆಸರು ಕನ್ನಡದ್ದಾಯಿತು, 2014ರಲ್ಲಿ ಊರುಗಳ ಹೆಸರುಗಳೂ ಕನ್ನಡದ ಉಚ್ಚಾರಣೆಗೆ ಮರಳಿದವು. ಗಡಿಯ ಪ್ರಶ್ನೆಗಳು ಮತ್ತು ಪ್ರಾದೇಶಿಕ ಅಸಮತೋಲನದ ಪ್ರಶ್ನೆ ಮಾತ್ರ 1956ರಿಂದಲೂ ಉಳಿದುಬಂದಿವೆ. ಹಿಂದಿನ ಹೈದರಾಬಾದ್ ಕರ್ನಾಟಕ ಪ್ರದೇಶಕ್ಕೆ ಶಿಕ್ಷಣ ಮತ್ತು ಉದ್ಯೋಗಗಳಲ್ಲಿ ವಿಶೇಷ ಅವಕಾಶ ಕಲ್ಪಿಸುವ ಸಂವಿಧಾನದ 371ಜೆ ವಿಧಿಯು ಈ ಅಸಮತೋಲನವನ್ನು ತಗ್ಗಿಸುವ ಉದ್ದೇಶದಿಂದ 98ನೆಯ ತಿದ್ದುಪಡಿಯ ಮೂಲಕ ಸೇರ್ಪಡೆಯಾಯಿತು.